ಇಲ್ಲದ ಹತ್ಯಾರ

ಈಳಿಗೆಯನ್ನು ಗಯಾಸುದ್ದೀನ್ ಮತ್ತೊಮ್ಮೆ ಎತ್ತಿ ಬೆಳಕಿಗೆ ಹಿಡಿದ. ಮಣೆಯಿಂದ ಅಲಗನ್ನು ಕಿತ್ತರೆ ಇದನ್ನು ಹತ್ಯಾರ ಅನ್ನಬಹುದೇ?

"ಅದನ್ನೊಯ್ದ್ರ ನಾ ಉಳ್ಳಾಗಡ್ಡಿ ಹಲ್ಲಿಲೆ ಹೆಚ್ಚಲೇನು?" ಅಂದಳು ತಾಯಿ ಮುನ್ನಿ ಬೀ. ಮುಂಜಾನೆಯ ನಮಾಜು ಮುಗಿದು ಎಷ್ಟೋ ಹೊತ್ತಾಗಿದ್ದರೂ ಚಾಪೆಯಿಂದ ಎದ್ದಿರಲಿಲ್ಲ.

ಅವನು ಈಳಿಗೆಯನ್ನು ಕೆಳಗಿಟ್ಟ. ನೆಲದ ಮೇಲೆ ಆಗಲೇ ಒಂದು ಹಿಡಿಯಿಲ್ಲದ ಕೊಡಲಿ, ತುಕ್ಕು ತಿಂದ ಕತ್ತರಿ, ಅಣ್ಣನ ಹತ್ತಿ ಹಿಂಜುವ ಬಿಲ್ಲು ಬಿದ್ದಿದ್ದವು. ಪಿಂಜಾರರ ಮನೆ. ತಲೆಮಾರುಗಳಿಂದ ಈ ಮನೆಯವರ ಕೈಯಲ್ಲಿ ಏಟು ತಿಂದದ್ದು ಹತ್ತಿಯೊಂದೇ.

ಹೈದರಾಬಾದಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದವನು, ಕಲ್ಯಾಣದ ಸರ್ಕಾರಿ ಶಾಲೆಯ ಮಾಸ್ತರ, ತನ್ನ ಮನೆಯಲ್ಲಿ ಒಂದು ಕತ್ತಿಯೂ ಇಲ್ಲವಲ್ಲ ಎಂದು ನಾಚಿಕೊಂಡ. ನಾಚಿಕೊಂಡದ್ದಕ್ಕೆ ನಗು ಬಂತು. ನಗುವ ಹೊತ್ತಲ್ಲವೆಂದು ಬಾಯಿ ಒರೆಸಿಕೊಂಡ.

ಹೈದರಾಬಾದಿನ ಫೌಜು ಶರಣಾದ ಸುದ್ದಿ ಸೆಪ್ಟೆಂಬರಿನಲ್ಲಿ ರೇಡಿಯೋದಲ್ಲಿ ಬಂದಿತ್ತು. ರಾಜ್ಯ ಶರಣಾದ ಮೇಲೆ ಮನೆಗಳೂ ಒಂದೊಂದಾಗಿ ಶರಣಾಗಬೇಕಿತ್ತು. ಕತ್ತಿ, ಬಂದೂಕು, ಯಾವ ಹತ್ಯಾರ ಇದ್ದವರೂ ತಂದೊಪ್ಪಿಸಬೇಕು ಎಂದು ಗಲ್ಲಿಗಲ್ಲಿಯಲ್ಲಿ ಡಂಗುರ ಸಾರಿದರು. ಇಲ್ಲದವರು ಏನು ಮಾಡಬೇಕೆಂಬುದು ಡಂಗುರದಲ್ಲಿ ಇರಲಿಲ್ಲ.

ಗೆದ್ದ ಫೌಜಿನ ಜವಾನರು ಮನೆಗೆ ಬಂದು ಕೇಳಿದಾಗ ಅಣ್ಣ ಮೊಹಿನುದ್ದೀನ್ ಇಲ್ಲ ಅಂದ. ಕುರಾನಿನ ಮೇಲೆ ಕೈಯಿಟ್ಟು ಇನ್ನೊಮ್ಮೆ ಇಲ್ಲ ಅಂದ. ಗಯಾಸುದ್ದೀನ್ ನಡುವೆ ಬಂದು ಅದನ್ನೇ ಇಂಗ್ಲಿಷಿನಲ್ಲಿ ವಿವರಿಸಿದ. ಹವಾಲ್ದಾರನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ತಿಳಿದು ಅಣ್ಣನ ಕೆನ್ನೆಗೆ ಬಿಟ್ಟ. ಹತ್ಯಾರ ತಂದುಕೊಡುವ ತನಕ ಈತ ಹುಮನಾಬಾದಿನ ಕ್ಯಾಂಪಿನಲ್ಲಿರಲಿ ಅಂದು ಎಳೆದುಕೊಂಡು ಹೋದರು.

ನಿನ್ನೆ ಟಾಂಗಾದ ಖಮರುದ್ದೀನ್ ಹುಮನಾಬಾದಿನಿಂದ ಬಂದು ಬಾಗಿಲಲ್ಲೇ ನಿಂತು ಹೇಳಿದ್ದ. ಯಾರ ಮನೆಯಿಂದ ಇನ್ನೂ ಏನೂ ಬಂದಿಲ್ಲವೋ ಅವರನ್ನೆಲ್ಲ ನಾಡಿದ್ದು ಲಾರಿಯಲ್ಲಿ ಬೀದರದ ಜೇಲಿಗೆ ಒಯ್ಯುತ್ತಾರೆ. ಬೀದರಕ್ಕೆ ಹೋದವರು ಯಾರೂ ಇನ್ನೂ ತಿರುಗಿ ಬಂದಿರಲಿಲ್ಲ.

ಆ ನಾಡಿದ್ದಿಗೆ ಇವತ್ತೊಂದೇ ದಿನ ಉಳಿದಿತ್ತು.

"ಗಯಾಸ," ಅಂದಳು ಅತ್ತಿಗೆ ಫಕ್ರುನ್ನೀಸಾ. ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. "ಚನ್ನಬಸಪ್ಪ ಕಾಕಾನ ಮನ್ಯಾಗ ಕಠಾರಿ ಅದ."

"ಅದು ಮದುವಿ ಕಠಾರಿ, ಭಾಬಿ."

"ಅಲಗು ಅದಲ್ಲ?"

"ನಮ್ಮದಲ್ಲ ಅದು."

"ನಮ್ಮದು ಯಾವುದೂ ಇಲ್ಲ ಅಂತ ಹೇಳೇ ಅವರು ಹೋಗ್ಯಾರ." ಆಕೆ ಬೆಂಕಿಯನ್ನು ಊದಿದಳು. "ನಿನ್ನ ಇಂಗ್ರೇಜಿ ಒಂದು ಸಲ ಕೆಲಸಕ್ಕ ಬರಲಿ."

ತಾಯಿ ಮತ್ತೆ ಬಾಗಿ ಹಣೆಯನ್ನು ಚಾಪೆಗೆ ಹಚ್ಚಿದಳು. ಇದು ಯಾವ ಹೊತ್ತಿನ ನಮಾಜು ಎಂದು ಅವನಿಗೆ ತಿಳಿಯಲಿಲ್ಲ.

*

ಚನ್ನಬಸಪ್ಪನ ಮನೆ ನಾಲ್ಕು ಬಾಗಿಲು ಆಚೆ. ಎಣ್ಣೆಯ ವ್ಯಾಪಾರ. ಮನೆಯ ಗೋಡೆ, ಕಂಬ, ಚನ್ನಬಸಪ್ಪನ ಮುಂಗೈ ಎಲ್ಲಕ್ಕೂ ಕುಸುಬಿ ಎಣ್ಣೆಯ ವಾಸನೆ. ಆತ ಲಿಂಗಪೂಜೆ ಮುಗಿಸಿ ಕಟ್ಟೆಗೆ ಬಂದು ಕೂತಿದ್ದ. ಒಳಗಿಂದ ಅರಿಶಿಣ ಕುಟ್ಟುವ ಸದ್ದು ಬರುತ್ತಿತ್ತು.

"ಶರಣ್ರಿ, ಕಾಕಾ."

"ಶರಣು, ಶರಣು. ಬಾರೋ ಮಾಸ್ತರ. ಮೊಹಿನುದ್ದೀನನ ಸುದ್ದಿ ಏನು?"

ಸುದ್ದಿ ಹೇಳಿದ. ಕಠಾರಿಯ ಮಾತಿಗೆ ಬರಲು ಕಷ್ಟವಾಯಿತು. ಸುಗ್ಗಿ, ಜೋಳದ ತೆನೆ, ಥಂಡಿ ಎಲ್ಲವನ್ನೂ ಹಾದು ಬಂದ. ಚನ್ನಬಸಪ್ಪ ಕೇಳುತ್ತ ಕೇಳುತ್ತ ತನ್ನ ಕಾಲಿನ ಉಗುರು ನೋಡಿಕೊಳ್ಳತೊಡಗಿದ.

ಒಳಗೆ ಕುಟ್ಟುವ ಸದ್ದು ನಿಂತಿತು.

ಆ ಕಠಾರಿಯನ್ನು ಹಿಡಿಯದೆ ಗಲ್ಲಿಯಲ್ಲಿ ಯಾರೂ ಮದುಮಗನಾದದ್ದಿಲ್ಲ. ಅರಿಶಿಣ ಹಚ್ಚಿದ ಗಳಿಗೆಯಿಂದ ಮದುಮಗ ಅದನ್ನು ಹಿಡಿದುಕೊಂಡೇ ಇರಬೇಕು, ತುದಿಗೆ ಒಂದು ಲಿಂಬೆಹಣ್ಣು ಚುಚ್ಚಿಕೊಂಡು. ಊಟಕ್ಕೆ ಕೂತಾಗ ಜೊತೆಗಾರನ ಕೈಗೆ ಕೊಡಬಹುದು. ನೆಲಕ್ಕೆ ಇಡುವಂತಿಲ್ಲ. ಲಿಂಗಾಯತರ ಹುಡುಗನಾದರೂ ಅಷ್ಟೇ, ಪಿಂಜಾರರ ಹುಡುಗನಾದರೂ ಅಷ್ಟೇ. ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಅದರಿಂದ ಲಿಂಬೆಹಣ್ಣಲ್ಲದೆ ಬೇರೇನನ್ನೂ ಚುಚ್ಚಿದ ನೆನಪು ಯಾರಿಗೂ ಇಲ್ಲ.

"ಕೊಡೂದಕ್ಕೇನು," ಅಂದ ಚನ್ನಬಸಪ್ಪ. "ಆದ್ರ ನಮ್ಮ ಉತ್ತಮನ ಲಗ್ನ ಮುಂದಿನ ಸೋಮವಾರ ಅದ."

"ಗೊತ್ತದರಿ."

"ಮತ್ತ ಅದನ್ನ ನಾವು ಜಮಾ ಮಾಡಿಲ್ಲ. ಅಂದ್ರ..." ಚನ್ನಬಸಪ್ಪ ಬೀದಿಯ ಕಡೆ ನೋಡಿದ. "ನಮ್ಮನ್ನ ಯಾರೂ ಕೇಳಲಿಲ್ಲ."

ಆ ಮಾತನ್ನು ಇಬ್ಬರಲ್ಲಿ ಯಾರೂ ಮುಂದುವರಿಸುವಂತಿರಲಿಲ್ಲ.

ಚನ್ನಬಸಪ್ಪನ ಹೆಂಡತಿ ಕೇಶರಬಾಯಿ ಅರಿಶಿಣದ ಕೈಯಲ್ಲೇ ಬಾಗಿಲಿಗೆ ಬಂದಳು. "ನನ್ನ ಮಗ ಲಗ್ನದಾಗ ಏನು ಹಿಡಿದು ನಿಂದ್ರಬೇಕು? ಸೌಟು?"

"ಕಾಕೂ, ನಾ ಬ್ಯಾರೆ ಒಂದು ಮಾಡಿಸಿ..."

"ಮಾಡಿಸ್ತಾನ ಇಂವ! ನಿಮ್ಮಣ್ಣನ ಲಗ್ನದಾಗ ಜೊತಿಗಾರ ಯಾರಿದ್ದರು? ನೀನ ಅಲ್ಲೇನು? ನಿಮ್ಮಣ್ಣ ಉಣ್ಣಾಕ ಕುಂತಾಗ ಕೈಯಾಗ ಹಿಡಕೊಂಡು ನಿಂತಾವ, ಇದೇನು ಚ್ಯಾಷ್ಟಿ ಅಂತ ನೆಲಕ್ಕ ಇಟ್ಟಿ. ನಾ ಕಣ್ಣಿಲೆ ನೋಡೀನಿ. ಪಾಪ ಆ ಫಕ್ರುನ್ನೀಸಾ, ಇನ್ನೂ ಒಂದು ಕೂಸಿಲ್ಲ."

"ಕೇಶರಾ," ಅಂದ ಚನ್ನಬಸಪ್ಪ.

"ಇದ್ದದ್ದು ಅಂದೆ."

ಗಯಾಸುದ್ದೀನನಿಗೆ ನೆನಪಿತ್ತು. ಆಗ ಹಾಸ್ಟೆಲಿನಿಂದ ರಜೆಗೆ ಬಂದಿದ್ದ. ಲೈಬ್ರರಿಯಲ್ಲಿ ಜಗತ್ತಿನ ಕ್ರಾಂತಿಗಳನ್ನೆಲ್ಲ ಓದಿ ಬಂದವನಿಗೆ ಲಿಂಬೆಹಣ್ಣು ಚುಚ್ಚಿದ ಕಠಾರಿ ಹಿಡಿದು ಊಟದ ಸಾಲಿನ ಪಕ್ಕ ನಿಲ್ಲುವುದು ಅವಮಾನವೆನಿಸಿತ್ತು. ಅಣ್ಣ ಎಡಗೈಯಿಂದ ಅದನ್ನು ನೆಲದಿಂದೆತ್ತಿ ತೊಡೆಯ ಮೇಲಿಟ್ಟುಕೊಂಡು ಊಟ ಮುಂದುವರಿಸಿದ್ದ. ತಮ್ಮನ ಓದಿಗೆ ದುಡ್ಡು ಕಳಿಸುತ್ತಿದ್ದವನು ಆ ಅಣ್ಣನೇ.

"ಮೊಹಿನುದ್ದೀನ್ ಬರ್ತಾನೇನು ಇದನ್ನ ಕೊಟ್ರ?" ಕೇಶರಬಾಯಿ ಕೇಳಿದಳು.

"ಬರ್ತಾನರಿ."

"ನೋಡಿ ಹೇಳು."

"ಬರಬಹುದು."

ಆಕೆ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಚನ್ನಬಸಪ್ಪ ಇನ್ನೊಮ್ಮೆ ಥಂಡಿಯ ಮಾತು ತೆಗೆದ. ಬಂದಾಗ ಆಕೆಯ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕಠಾರಿ. ತುದಿಗೆ ಹಸಿರು ಲಿಂಬೆಕಾಯಿ.

"ಬರಿ ಅಲಗು ಹೊಸ್ತಿಲ ದಾಟಬಾರದು," ಅಂದಳು. "ಮತ್ತ ಕೇಳು. ಯಾರ ಕೈಗಿ ಕೊಡ್ತೀಯೋ ಕೊಡು. ನೆಲಕ್ಕ ಇಡಬ್ಯಾಡ."

"ಆಗಲ್ರಿ."

"ಶರಣು," ಅಂದ ಚನ್ನಬಸಪ್ಪ ಅವನು ಇಳಿಯುವಾಗ. ಊರಿನ ಲಿಂಗಾಯತರೆಲ್ಲ ಬರುವಾಗ ಹೋಗುವಾಗ ಅನ್ನುವ ಮಾತು. ಇವತ್ತು ಅದು ಕಿವಿಗೆ ತುಸು ಚುಚ್ಚಿತು.

*

ಹುಮನಾಬಾದಿನ ಮೋಟಾರು ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಹೊಳೆದದ್ದು: ಹತ್ಯಾರ ಒಪ್ಪಿಸಲು ಹೋಗುವವನು ದಾರಿಯಲ್ಲಿ ಸಿಕ್ಕಿಬಿದ್ದರೆ, ಹತ್ಯಾರ ಹಿಡಿದು ತಿರುಗುವವನು ಅಷ್ಟೇ. ಹುಮನಾಬಾದಿನ ಕ್ಯಾಂಪಿನ ಮೇಜಿನ ತನಕ ಅವನು ಅಪರಾಧಿ. ಮೇಜು ಮುಟ್ಟಿದ ಮೇಲೆ ಶರಣಾಗತ.

ಕಠಾರಿಯಿದ್ದ ಬಟ್ಟೆಯ ಚೀಲವನ್ನು ನೆಲಕ್ಕೆ ತಾಗದಂತೆ ಕಾಲುಗಳ ನಡುವೆ ಒತ್ತಿಕೊಂಡ. ಕಿಟಕಿಯ ಹೊರಗೆ ಜೋಳ, ತೊಗರಿ, ಕರಿ ನೆಲ. ಹಿಂದೆ ಕೋಟೆಯ ಮೇಲೆ ಹೊಸ ಬಾವುಟ. ಹಳೆಯ ಬಾವುಟ ಇಳಿದ ದಿನ ಅವನಿಗೆ ದುಃಖವೂ ಆಗಿರಲಿಲ್ಲ, ಸಂತೋಷವೂ ಆಗಿರಲಿಲ್ಲ. ಏನಾದರೂ ಆಗಬೇಕಿತ್ತು ಎಂದು ಮಾತ್ರ ಅನಿಸಿತ್ತು.

ಶರಣಾಗುವುದು ಅಂದರೇನು? ದೇವರಿಗೆ ಶರಣಾದವನೇ ಮುಸಲ್ಮಾನ ಎಂದು ತಾನೇ ಮಕ್ಕಳಿಗೆ ಕಲಿಸಿದ್ದ. ಇದೇ ಊರಿನಲ್ಲಿ ಎಂಟುನೂರು ವರ್ಷಗಳ ಹಿಂದೆ ಜನ ಒಬ್ಬರಿಗೊಬ್ಬರು ಶರಣು ಅಂದರಂತೆ. ತಾಯಿ ದಿನಕ್ಕೆ ಐದು ಹೊತ್ತು ಶರಣಾಗಿ ಎದ್ದು ರೊಟ್ಟಿ ಬಡಿಯುತ್ತಾಳೆ. ಅಣ್ಣ ಒಬ್ಬನಿಗೆ ಬಾಗಿದ್ದರಿಂದಲೇ ಹವಾಲ್ದಾರನಿಗೆ ಬಾಗಲಿಲ್ಲ. ತಾನು? ತಾನು ಯಾವುದಕ್ಕೂ ಬಾಗಿದವನಲ್ಲ, ನಿಜ. ಯಾವುದಕ್ಕೂ ನೆಟ್ಟಗೆ ನಿಂತವನೂ ಅಲ್ಲ. ಒರಗಿಕೊಂಡು ಓದಿದವನು.

ಈ ಯೋಚನೆ ತಕ್ಕಮಟ್ಟಿಗೆ ಚೆನ್ನಾಗಿದೆ ಅನಿಸಿತು. ಚೆನ್ನಾಗಿದೆ ಅನಿಸಿದ್ದು ಅಸಹ್ಯವಾಯಿತು.

"ಮಾಸ್ತರ್, ಹುಮನಾಬಾದಕೇನು?"

ಪಕ್ಕದಲ್ಲಿ ತುಳಜಾರಾಮ. ಹುಮನಾಬಾದಿನ ಮಂಡಿಯಲ್ಲಿ ದವಸದ ದಲಾಲಿ ಮಾಡುವವನು. ಹಣೆಯ ತುಂಬ ಕುಂಕುಮ. ಅವನ ತಂಗಿಯ ಮಗ ಗಯಾಸುದ್ದೀನನ ಶಾಲೆಗೆ ಬರುತ್ತಿದ್ದ, ಶಾಲೆ ಇದ್ದಾಗ.

"ಹೌದ್ರಿ. ಸ್ವಲ್ಪ ಕೆಲಸ."

"ಅಣ್ಣ ಅಲ್ಲೇ ಹಾನಲ್ಲ?"

"ಹೂಂರಿ."

ತುಳಜಾರಾಮ ಚೀಲದ ಕಡೆ ನೋಡಿದ. ಆಮೇಲೆ ಕಿಟಕಿಯ ಕಡೆ. ಆಮೇಲೆ ಯಾರಿಗೋ ಹೇಳುವವನ ಹಾಗೆ, "ಮಂಡಿ ಹಿಂದ ಒಬ್ಬ ಲೋಹಾರ ಹಾನ ನೋಡ್ರಿ, ಈಗ ಕುಡಗೋಲು ಮಾಡೋದು ಬಿಟ್ಟಾನ. ಬರಿ ತಲ್ವಾರು. ಹೊಸಾದು ಮಾಡಿ ಹುಣಸಿ ನೀರಾಗ ಉಪ್ಪು ಹಾಕಿ ಅದ್ದಿ ಇಡ್ತಾನ. ಎರಡು ದಿನಕ್ಕ ಅಜ್ಜನ ಕಾಲದ್ದು ಆಗ್ತದ. ಜನ ಒಯ್ದು ಸರೆಂಡರ್ ಮಾಡ್ತಾರ, ಮನೀಗಿ ಹೋಗ್ತಾರ. ಧಂದೆ ಜೋರ್ ಅದ."

ಗಯಾಸುದ್ದೀನ್ ಚೀಲವನ್ನು ಇನ್ನಷ್ಟು ಒತ್ತಿಕೊಂಡ.

"ನಿಮ್ಮದು ಹಳೇದೇನು?"

"ಏನು?"

"ಏನಿಲ್ಲ ಬಿಡ್ರಿ."

ರಾಜೇಶ್ವರದಲ್ಲಿ ಮೋಟಾರು ನಿಂತಿತು. ಬಂದೂಕಿನ ಜವಾನನೊಬ್ಬ ಹತ್ತಿದ. ಮುಂದಿನ ಸಾಲಿನಿಂದ ಗಂಟುಗಳನ್ನು ಬಿಚ್ಚಿಸತೊಡಗಿದ. ಗಯಾಸುದ್ದೀನ್ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ, ಇಂಗ್ಲಿಷಿನಲ್ಲಿ. ಆಮೇಲೆ ಹವಾಲ್ದಾರನ ನೆನಪಾಗಿ ಅದನ್ನು ಅಳಿಸಿ ಉರ್ದುವಿನಲ್ಲಿ ಜೋಡಿಸಿದ. ಉರ್ದು ಮಾತಾಡಿದರೆ ಇನ್ನೂ ಕೆಡುಕು ಎಂದು ಅದನ್ನೂ ಅಳಿಸಿದ.

ತುಳಜಾರಾಮ ಬಗ್ಗಿ ಚೀಲವನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಅದರ ಮೇಲೆ ತನ್ನ ರೊಟ್ಟಿಯ ಗಂಟು.

ಜವಾನ ತುಳಜಾರಾಮನ ಹಣೆ ನೋಡಿದ. ಗಯಾಸುದ್ದೀನನನ್ನು ಎಬ್ಬಿಸಿ ಮೈಯೆಲ್ಲ ತಡವಿದ. ಮುಂದೆ ಹೋದ.

ಮೋಟಾರು ಹೊರಟ ಮೇಲೆ ತುಳಜಾರಾಮ ಚೀಲವನ್ನು ತಿರುಗಿ ಅವನ ಕಾಲುಗಳ ನಡುವೆ ಸಿಕ್ಕಿಸಿದ. "ಲಿಂಬಿಹಣ್ಣು ತೊಡೀಗಿ ಒತ್ತಾಕತ್ತಿತ್ತು," ಅಂದ.

"ನಿಮ್ಮ ಉಪಕಾರ..."

"ಉಪಕಾರ ಗಿಪಕಾರ ಬ್ಯಾಡ್ರಿ. ಹೋದ ವರ್ಷ ಖಾಕಿ ಹಾಕ್ಕೊಂಡು ನಿಮ್ಮವರು, ರಜಾಕಾರರು, ಬಂದ್ರು. ಚಂದಾ ಅಂದ್ರು, ಕೊಟ್ಟೆ. ಜೈ ಅನ್ನು ಅಂದ್ರು, ಅಂದೆ. ಬಾಗು ಅಂದ್ರು, ಬಾಗಿದೆ. ಅಷ್ಟ ಆದ ಮ್ಯಾಲನೂ ಅಂಗಡಿ ಸುಟ್ರು. ಸೊಲ್ಲಾಪುರಕ್ಕ ಓಡಿ ಅಲ್ಲಿ ಗಂಜಿಗಿ ತಾಟು ಹಿಡಿದು ನಿಂತೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದವಸದ ಧಾರಣೆ ಹೇಳುವವನ ದನಿ. "ನಿಮಗ ಮಾಡಿದ್ದಲ್ಲ ಇದು. ಆ ಜವಾನಗ ನನ್ನ ಹಣಿ ಮ್ಯಾಲ ಎಷ್ಟು ನಂಬಿಗಿ ಅದ ಅಂತ ನೋಡೂಣು ಅನಿಸ್ತು."

"ಆ ಖಾಕಿಯವರು ನಮ್ಮವರಲ್ಲ," ಅಂದ ಗಯಾಸುದ್ದೀನ್.

"ಇರಲಿಕ್ಕಿಲ್ಲ," ಅಂದ ತುಳಜಾರಾಮ. ರೊಟ್ಟಿ ಬಿಚ್ಚಿದ. ಅರ್ಧ ಮುರಿದು ಮುಂದೆ ಚಾಚಿದ. ಹಸಿವಿರಲಿಲ್ಲ. ಬೇಡ ಅನ್ನಲು ಧೈರ್ಯವಾಗದೆ ಗಯಾಸುದ್ದೀನ್ ತಿಂದ.

*

ಕ್ಯಾಂಪು ಅಂದರೆ ಮಂಡಿಯ ಹಿಂದಿನ ಒಂದು ದವಸದ ಗೋದಾಮು. ಅಂಗಳದಲ್ಲಿ ಒಪ್ಪಿಸಿದ ಹತ್ಯಾರಗಳ ರಾಶಿ. ಕತ್ತಿ, ಭರ್ಜಿ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕು. ಹುಣಸೆನೀರಿನ ತುಕ್ಕು ಹಿಡಿದ ಹೊಸ ತಲ್ವಾರುಗಳು ದೂರದಿಂದಲೇ ಗುರುತು ಸಿಗುತ್ತಿದ್ದವು. ನಡುವೆ ಯಾವುದೋ ಬಯಲಾಟದವರ ತಗಡಿನ ಗದೆಯೂ ಇತ್ತು.

ಜವಾನನೊಬ್ಬ ಸೀರೆಯ ತುಂಡು ಬಿಚ್ಚಿದ. ಲಿಂಬೆಕಾಯಿ ನೋಡಿ ನಕ್ಕ, ಕಿತ್ತು ಜೇಬಿಗೆ ಹಾಕಿಕೊಂಡ. ಕಠಾರಿಯನ್ನು ಕ್ಯಾಪ್ಟನ್ನನ ಮೇಜಿನ ಮುಂದೆ ನೆಲಕ್ಕೆ ಬಿಸಾಕಿದ.

ಠಣ್ ಎಂದಿತು. ಗಯಾಸುದ್ದೀನನ ಕೈ ತಾನಾಗಿ ಮುಂದೆ ಹೋಗಿ ಅರ್ಧಕ್ಕೆ ನಿಂತಿತು.

ಕ್ಯಾಪ್ಟನ್ ಚಿಕ್ಕ ವಯಸ್ಸಿನವನು, ಬಹಳ ದೂರದ ಊರಿನವನು. ಗಯಾಸುದ್ದೀನ್ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ್ದೇ ಅವನ ಮುಖ ಅರಳಿತು. ಕುರ್ಚಿ ತರಿಸಿದ.

"ಅಂತೂ ಒಬ್ಬ ಓದಿದ ಮನುಷ್ಯ. ಇಲ್ಲಿ ಮಾತಾಡಲು ಯಾರೂ ಇಲ್ಲ, ಗೊತ್ತೇ? ಎಲ್ಲಿ ಓದಿದಿರಿ?"

ಹೇಳಿದ. ಯಾವ ವಿಷಯ, ಯಾವ ಪ್ರೊಫೆಸರು, ಹಾಸ್ಟೆಲಿನ ಊಟ ಹೇಗಿತ್ತು. ಗಯಾಸುದ್ದೀನ್ ಉತ್ತರಿಸುತ್ತ ಹೋದ. ತಿಂಗಳುಗಳ ನಂತರ ತನ್ನ ಮಾತು ಒಬ್ಬನಿಗೆ ಅರ್ಥವಾಗುತ್ತಿತ್ತು. ಒಳಗೊಳಗೇ ಹಿತವಾಯಿತು. ಗೋಡೆಯ ಆಚೆ ಅಣ್ಣನಿದ್ದಾನೆಂಬುದು ಒಂದು ಕ್ಷಣ ಮರೆತಿತ್ತು.

"ಇದು ಎಲ್ಲಿತ್ತು?" ಕ್ಯಾಪ್ಟನ್ ಅದೇ ಸ್ನೇಹದ ದನಿಯಲ್ಲಿ ಕೇಳಿದ.

"ಅಟ್ಟದ ಮೇಲೆ."

"ನಿಮ್ಮಣ್ಣ ಕುರಾನ್ ಮುಟ್ಟಿ ಇಲ್ಲ ಅಂದಿದ್ದಾನೆ. ಇಲ್ಲಿಗೆ ಬಂದ ಮೇಲೂ ಅದೇ ಮಾತು. ಹೊಡೆದರೂ ಅದೇ ಮಾತು."

"ಅವನಿಗೆ ಗೊತ್ತಿರಲಿಲ್ಲ."

"ನಿಮಗೆ ಗೊತ್ತಿತ್ತೇ?"

"ಇವತ್ತು ಸಿಕ್ಕಿತು."

"ಸಿಕ್ಕಿತು." ಕ್ಯಾಪ್ಟನ್ ಸಿಗರೇಟು ಹಚ್ಚಿದ. "ನೋಡಿ, ದಿನಾ ಇಂಥವು ಸಿಗುತ್ತಲೇ ಇರುತ್ತವೆ. ಅವನನ್ನೇ ಕರೆಸೋಣ. ಇದು ನಮ್ಮ ಮನೆಯದು, ನಾನು ಅಡಗಿಸಿದ್ದೆ ಅಂದರೆ ಈಗಲೇ ಕರೆದುಕೊಂಡು ಹೋಗಿ. ಅಲ್ಲ ಅಂದರೆ ಯಾರದೋ ಹತ್ಯಾರ ತಂದು ನನಗೆ ಸುಳ್ಳು ಹೇಳಿದಿರಿ ಅಂತಾಯಿತು. ಆಗ ನೀವೂ ನಾಳೆ ಲಾರಿ ಹತ್ತಬೇಕಾಗುತ್ತದೆ. ಬೇಜಾರಿನ ಸಂಗತಿ."

ಮೊಹಿನುದ್ದೀನನನ್ನು ಕರೆತಂದರು. ಅಂಗಿ ಭುಜದಿಂದ ಜೋಲುತ್ತಿತ್ತು. ಒಂದು ಕಣ್ಣಿನ ಸುತ್ತ ಹಳದಿ. ತಮ್ಮನನ್ನು ಕಂಡು ಮುಖ ಬೆಳಗಿತು, ಆಮೇಲೆ ಕಣ್ಣು ಕುರ್ಚಿಯನ್ನು ಕಂಡಿತು, ಆಮೇಲೆ ನೆಲದ ಮೇಲಿನ ಕಠಾರಿಯನ್ನು.

"ಯೇ ತುಮ್ಹಾರಾ ಹೈ?" ಇದು ನಿನ್ನದೇ ಎಂದು ಕ್ಯಾಪ್ಟನ್ ಕೇಳಿದ.

ಜವಾನರ ಜೊತೆ ಇಷ್ಟು ದಿನ ದಖನಿ ಉರ್ದುವಿನಲ್ಲೇ ಮಾತಾಡಿದ್ದ ಮೊಹಿನುದ್ದೀನ್ ಈಗ ತಮ್ಮನ ಕಡೆ ತಿರುಗಿ ಮನೆಯ ಮಾತಿನಲ್ಲಿ, ಕನ್ನಡದಲ್ಲಿ, ಮೆಲ್ಲಗೆ ಕೇಳಿದ:

"ಕಾಕಾನ ಮನೀದಲ್ಲೇನು ಇದು? ನೆಲಕ್ಕ ಯಾರು ಹಾಕಿದ್ರು? ಎತ್ತದನ್ನ."

"ಏನನ್ನುತ್ತಾನೆ?" ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಕೇಳಿದ.

"ತಾಯಿ ಹೇಗಿದ್ದಾಳೆ ಎಂದು ಕೇಳುತ್ತಾನೆ."

"ಹತ್ಯಾರದ ವಿಷಯ ಕೇಳಿ."

"ಭಾಯಿ," ಅಂದ ಗಯಾಸುದ್ದೀನ್. "ಇದು ನಮ್ಮದು ಅನ್ನು. ಒಂದು ಮಾತು. ಮನೀಗಿ ಹೋಗೂಣು. ನಾಳಿ ಬೀದರಕ್ಕ ಒಯ್ಯಾಕತ್ತಾರ."

"ಗೊತ್ತದ."

"ಮತ್ತ?"

"ನಮ್ಮ ಮನ್ಯಾಗ ಹತ್ಯಾರ ಇಲ್ಲ ಅಂತ ಕುರಾನ್ ಮ್ಯಾಲ ಕೈ ಇಟ್ಟು ಹೇಳೀನಿ. ಇಲ್ಲಿ ಬಡಿದಾಗೂ ಅದನ್ನ ಹೇಳೀನಿ. ಈಗ ಸುಳ್ಳು ಅಂದ್ರ ಆ ಏಟೆಲ್ಲ ಯಾತಕ್ಕ ತಿಂದೆ? ಇಲ್ಲ ಅಂತ ಹೇಳು ಅವರಿಗಿ."

ಗಯಾಸುದ್ದೀನ್ ಕ್ಯಾಪ್ಟನ್ನನ ಕಡೆ ತಿರುಗಿದ. ತನ್ನ ಇಂಗ್ಲಿಷು ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ.

"ಇದು ನಮ್ಮದೇ ಅನ್ನುತ್ತಾನೆ. ಹೆದರಿ ಅಡಗಿಸಿದ್ದನಂತೆ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತಾನೆ. ಸರೆಂಡರ್ ಮಾಡುತ್ತೇನೆ ಅನ್ನುತ್ತಾನೆ."

ಸರೆಂಡರ್ ಅನ್ನುವ ಆ ಒಂದು ಪದವನ್ನು ನುಂಗಬೇಕಿತ್ತು. ಎರಡು ತಿಂಗಳಲ್ಲಿ ಸಂತೆಯ ಮುದುಕಿಯರ ಬಾಯಿಗೂ ಬಂದಿದ್ದ ಪದ ಅದು. ಮೊಹಿನುದ್ದೀನ್ ತಲೆಯೆತ್ತಿದ.

"ಗಯಾಸ. ನೀ ಏನು ಹೇಳಿದಿ?"

"ಮನೀಗಿ ಹೋಗೂಣು ನಡಿ."

"ಏನು ಹೇಳಿದಿ?"

"ಅಮ್ಮ ಚಾಪಿ ಬಿಟ್ಟು ಏಳವಲ್ಲಳು, ಭಾಯಿ."

ಕ್ಯಾಪ್ಟನ್ ಕಾಗದ ಮುಂದೆ ತಳ್ಳಿದ. ಹೆಬ್ಬೆಟ್ಟು ಒತ್ತಿಸಿ ಅಂದ. ಅವನಿಗೆ ಈಗ ಬೇಸರವಾಗುತ್ತಿತ್ತು. ಮೊಹಿನುದ್ದೀನ್ ಕಾಗದವನ್ನು ನೋಡಲಿಲ್ಲ. ಇಲ್ಲ ಅನ್ನಲೂ ಇಲ್ಲ. ಈಗ ಇಲ್ಲ ಅಂದರೆ ಲಾರಿ ಹತ್ತುವವರು ಇಬ್ಬರಾಗುತ್ತಾರೆ ಎಂಬುದು ಅವನಿಗೆ ಇಂಗ್ಲಿಷು ಬಾರದೆಯೂ ತಿಳಿದಿತ್ತು. ಬಲಗೈಯನ್ನು ಸುಮ್ಮನೆ ತಮ್ಮನ ಕಡೆ ಚಾಚಿದ, ಪಿಂಜಾರನ ಬಡಿಗೆ ಹಿಡಿದು ಜಡ್ಡುಗಟ್ಟಿದ ಕೈ. ಅದರೊಳಗೆ ಯಾರೂ ಇರಲಿಲ್ಲ.

"ನೀನ ಒತ್ತು," ಅಂದ.

ಗಯಾಸುದ್ದೀನ್ ಆ ಹೆಬ್ಬೆರಳನ್ನು ಹಿಡಿದು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದ. ಸತ್ತವರ ಹೆಬ್ಬೆಟ್ಟನ್ನು ಹೊಲದ ಪತ್ರಕ್ಕೆ ಒತ್ತಿಸಿಕೊಳ್ಳುವವರ ಮಾತು ಕೇಳಿದ್ದ. ಹೀಗೇ ಇರಬೇಕು ಅದು. ಬೆರಳು ಜಾರಿ ಅವನ ಹೆಬ್ಬೆರಳಿಗೂ ಮಸಿ ಹತ್ತಿತು.

"ಕಂಗ್ರಾಜುಲೇಷನ್ಸ್," ಅಂದ ಕ್ಯಾಪ್ಟನ್. "ಬಿಡುವಾದಾಗ ಬನ್ನಿ. ಪುಸ್ತಕದ ಮಾತಾಡೋಣ."

ಜವಾನನೊಬ್ಬ ಕಠಾರಿಯನ್ನು ಕಾಲಿನಿಂದ ರಾಶಿಯ ಕಡೆ ಸರಿಸಿದ.

*

ಅಂಗಳ ದಾಟುವಾಗ ಅಣ್ಣ ಎರಡು ಮಾರು ಮುಂದೆ. ಮಸಿಯ ಹೆಬ್ಬೆರಳನ್ನು ಮೈಯಿಂದ ದೂರ ಹಿಡಿದುಕೊಂಡು ನಡೆಯುತ್ತಿದ್ದ.

ಗೇಟಿನಲ್ಲಿ ಪಹರೆಯವನು ತಡೆದ. "ಹಾಥ್ ಊಪರ್."

ಮೊಹಿನುದ್ದೀನ್ ಕೈ ಎತ್ತಿದ. ಪಹರೆಯವನು ತಡವಿ, ಹೋಗು ಎಂದು ಬೆನ್ನಿಗೆ ತಟ್ಟಿದ. ಅವನು ಕೈ ಇಳಿಸಿ ಬೀದಿಗೆ ಇಳಿದ.

ಗಯಾಸುದ್ದೀನ್ ಕೈ ಎತ್ತಿ ನಿಂತ. ಪಹರೆಯವನು ಅವನ ಕಂಕುಳಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಜೀಪಿನ ಹಾರನ್ನು. ಪಹರೆಯವನು ಓಡಿ ಗೇಟಿನ ಇನ್ನೊಂದು ಕದ ತೆರೆದು ಸಲಾಮು ಹೊಡೆದ. ಜೀಪಿನಲ್ಲಿ ಯಾರೋ ದೊಡ್ಡವರು. ಪಹರೆಯವನು ಜೀಪಿನ ಹಿಂದೆಯೇ ಓಡುತ್ತ ಗೋದಾಮಿನ ಮರೆಗೆ ಹೋದ.

ತಿರುಗಿ ಬರಲಿಲ್ಲ.

ಗೇಟು ತೆರೆದೇ ಇತ್ತು. ಬೀದಿಯಲ್ಲಿ ಅಣ್ಣ ಹೋಗುತ್ತಿದ್ದ. ಮೋಟಾರು ನಿಲ್ಲುವ ಕಡೆಗಲ್ಲ, ಅದರ ಎದುರು ದಿಕ್ಕಿಗೆ, ಮಂಡಿಯ ಬಂಡಿಗಳ ಸಂದಿಯಲ್ಲಿ.

"ಭಾಯಿ, ಮೋಟಾರು ಈ ಕಡಿ," ಅಂದ. ದನಿ ಗೇಟು ದಾಟಲಿಲ್ಲ. ಇನ್ನೊಮ್ಮೆ ಕೂಗಬಹುದಿತ್ತು. ಕೈ ಇಳಿಸಿ ಓಡಬಹುದಿತ್ತು. ಆದರೆ ತಡವುವುದು ಮುಗಿದಿರಲಿಲ್ಲ. ಹೋಗು ಎಂದು ಯಾರೂ ಹೇಳಿರಲಿಲ್ಲ. ಎಲ್ಲಿಂದಲೋ ಯಾರೋ ನೋಡುತ್ತಿರಬಹುದು. ಮೂರ್ಖತನ ಎಂದುಕೊಂಡ. ಎಂದುಕೊಂಡು ನಿಂತೇ ಇದ್ದ. ರಟ್ಟೆಗಳು ಮೊದಲು ನೊಂದವು, ಆಮೇಲೆ ಯಾರದೋ ರಟ್ಟೆಗಳಾದವು.

ಒಂದು ಎತ್ತಿನ ಬಂಡಿ ಅಡ್ಡ ಬಂತು. ಬಂಡಿ ಸರಿದ ಮೇಲೆ ಬೀದಿಯಲ್ಲಿ ಅಣ್ಣ ಕಾಣಲಿಲ್ಲ.

ಬೆನ್ನ ಹಿಂದೆ ಸದ್ದಾಯಿತು. ಕತ್ತು ಹೊರಳಿಸಿ ನೋಡಿದ. ಆಗತಾನೆ ಬಿಡುಗಡೆಯಾದ ಒಬ್ಬ ಮುದುಕ ಬಂದು, ಇವನು ನಿಂತದ್ದನ್ನು ಕಂಡು, ತಾನೂ ಕೈ ಎತ್ತಿ ಇವನ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ ಬಂದ. ಮುಂದಿನವರನ್ನು ನೋಡಿದ, ಕೈ ಎತ್ತಿದ. ಅವನ ಹಿಂದೆ ಮತ್ತಿಬ್ಬರು. ಬಿಸಿಲು ಇಳಿಯುತ್ತಿತ್ತು. ತೆರೆದ ಗೇಟಿನ ಮುಂದೆ ಸಾಲು ಬೆಳೆಯುತ್ತ ಹೋಯಿತು, ಎತ್ತಿದ ಒಂದೊಂದು ಬಲಗೈಯ ಹೆಬ್ಬೆರಳೂ ಕಪ್ಪಗೆ.